ಮೋಷನ್ ಟೆಸ್ಟ್: ಪ್ರತಿ ಸಲವೂ ‘ನಿಲ್’ ಬಂದರೂ ಭೇದಿ ನಿಲ್ಲದವರಿಗೆ

ಎರಡು ವಾರದಿಂದ ಭೇದಿ. ಮೋಷನ್ ಟೆಸ್ಟ್ ಮಾಡಿಸಿದ್ದೀರಿ. ರಿಪೋರ್ಟಿನಲ್ಲಿ ‘ಓವಾ, ಸಿಸ್ಟ್: ನಿಲ್’ ಅಂತ ಬಂದಿದೆ, ಅಂದರೆ ಹುಳದ ಮೊಟ್ಟೆಯಾಗಲಿ ಚಿಪ್ಪು ಹೊದ್ದ ಪರಾವಲಂಬಿಯಾಗಲಿ ಕಂಡಿಲ್ಲ. ಹೊಟ್ಟೆ ಮಾತ್ರ ಗುಡುಗುಡು ಅನ್ನುವುದು ಬಿಟ್ಟಿಲ್ಲ. ಹೀಗಾದಾಗ ಹೆಚ್ಚಿನವರು ಲ್ಯಾಬ್ ಬದಲಾಯಿಸುತ್ತಾರೆ. ಅದೇ ತಪ್ಪಿನ ಸ್ಯಾಂಪಲ್ಲನ್ನು ಹೊಸ ಲ್ಯಾಬಿಗೆ ಕೊಡುತ್ತಾರೆ. ಮತ್ತೆ ನಿಲ್.

ನಾನು ಮೈಕ್ರೋಸ್ಕೋಪಿನ ಮುಂದೆ ಕೂತು ಕೆಲಸ ಮಾಡುವವನು. ಬಾತ್‌ರೂಮಿನಿಂದ ಲ್ಯಾಬ್ ಕೌಂಟರಿಗೆ ಬರುವ ದಾರಿಯಲ್ಲೇ ಅರ್ಧ ಸ್ಯಾಂಪಲ್ ಹಾಳಾಗಿರುತ್ತದೆ. ಹೇಗೆ ಹಾಳಾಗುತ್ತದೆ, ಹೇಗೆ ಉಳಿಸಿಕೊಳ್ಳಬೇಕು ಅನ್ನುವುದನ್ನು ಹಂತ ಹಂತವಾಗಿ ಬರೆದಿದ್ದೇನೆ. ಊಟದ ಹೊತ್ತಿನಲ್ಲಿ ಓದಬೇಡಿ, ಅಷ್ಟೇ.

## ಶುರು ಮಾಡುವ ಮೊದಲು: ಲ್ಯಾಬಿಗೋ, ಆಸ್ಪತ್ರೆಗೋ?

ಎಲ್ಲ ಭೇದಿಗೂ ಈ ಟೆಸ್ಟ್ ಬೇಕಾಗಿಲ್ಲ. ವಾಂತಿ ಜೊತೆ ಥಟ್ಟನೆ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುವ ಭೇದಿ ಸಾಮಾನ್ಯವಾಗಿ ವೈರಸ್ಸಿನದು. ಪರಾವಲಂಬಿ (ನಮ್ಮ ಕರುಳಿನಲ್ಲಿ ಸೇರಿಕೊಂಡು ಬದುಕುವ ಹುಳ ಅಥವಾ ಸೂಕ್ಷ್ಮಜೀವಿ) ಇರಬಹುದು ಅಂತ ಅನುಮಾನ ಬರಬೇಕಾದ್ದು ಎರಡು ವಾರ ದಾಟಿದಾಗ, ಅಥವಾ ನಿಂತಂತೆ ಮಾಡಿ ಮತ್ತೆ ಮತ್ತೆ ಬಂದಾಗ, ಅಥವಾ ರಕ್ತ, ಲೋಳೆ ಕಂಡಾಗ.

ಕೆಳಗಿನವುಗಳಲ್ಲಿ ಒಂದಿದ್ದರೂ ಡಬ್ಬಿ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ:

- ಮಗು ಆರು ಗಂಟೆಯಾದರೂ ಮೂತ್ರ ಮಾಡಿಲ್ಲ, ಅಳುವಾಗ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿದೆ, ಎಬ್ಬಿಸಿದರೂ ಮಂಕಾಗಿದೆ.
- ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿಯುತ್ತದೆ.
- ಅಕ್ಕಿ ತೊಳೆದ ನೀರಿನ ಹಾಗೆ ಧಾರಾಕಾರ ಭೇದಿ. ಇದು ಕಾಲರಾ ಇರಬಹುದು, ಗಂಟೆಗಳಲ್ಲಿ ಮೈ ನೀರೆಲ್ಲ ಹೋಗುತ್ತದೆ.
- ಜ್ವರದ ಜೊತೆ ರಕ್ತ ಭೇದಿ.
- ಜ್ವರ, ಜೊತೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಅಮೀಬಾ ಪಿತ್ತಜನಕಾಂಗಕ್ಕೆ ಹೋಗಿ ಕೀವುಗಟ್ಟಿದಾಗ ಹೀಗಾಗುತ್ತದೆ. ಆ ಹೊತ್ತಿಗೆ ಭೇದಿ ಇರಲೇಬೇಕು ಅಂತೇನೂ ಇಲ್ಲ.

ಗರ್ಭಿಣಿಯರು, ಎಚ್‌ಐವಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಸ್ಟೀರಾಯ್ಡ್ ತಗೊಳ್ಳುತ್ತಿರುವವರು ಎರಡು ವಾರ ಕಾಯುವುದು ಬೇಡ.

ಟೆಸ್ಟ್ ನಡೆಯುವಷ್ಟು ದಿನವೂ ಒಆರ್‌ಎಸ್ ಕುಡಿಯುತ್ತಿರಿ. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ. ನೀರಿಗೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಮಗುವಿಗೆ ಕುಡಿಸುವವರಿದ್ದಾರೆ. ಅಷ್ಟು ಉಪ್ಪು ಒಳಗೆ ಹೋದರೆ ಅಪಾಯವೇ.

## ಹಂತ 1: ಮಾತ್ರೆಗಿಂತ ಮೊದಲು ಸ್ಯಾಂಪಲ್

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಭೇದಿ ಶುರುವಾದ ಎರಡನೇ ದಿನ ಮೆಡಿಕಲ್ ಸ್ಟೋರಿನವರು ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ. ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗೆ ಒಂದು, ಅಮೀಬಾಗೆ ಒಂದು ಸೇರಿಸಿದ ಜೋಡಿ ಮಾತ್ರೆ. ಎರಡು ದಿನ ನುಂಗಿದರೆ ಪರಾವಲಂಬಿ ಪೂರ್ತಿ ಸಾಯುವುದಿಲ್ಲ. ಆದರೆ ಮೈಕ್ರೋಸ್ಕೋಪಿಗೆ ಸಿಗದಷ್ಟು ಕಡಿಮೆಯಾಗುತ್ತದೆ. ಆಗ ಟೆಸ್ಟ್ ಮಾಡಿದರೆ ನಿಲ್. ಹದಿನೈದು ದಿನ ಬಿಟ್ಟು ಭೇದಿ ಮತ್ತೆ ಶುರು.

ಮೆಟ್ರೊನಿಡಜೋಲ್, ಟಿನಿಡಜೋಲ್, ಟೆಟ್ರಾಸೈಕ್ಲಿನ್ ಥರದ ಮಾತ್ರೆ ಆಗಲೇ ತಗೊಂಡಿದ್ದರೆ, ಮುಗಿಸಿ ಸುಮಾರು ಎರಡು ವಾರ ಬಿಟ್ಟು ಟೆಸ್ಟ್ ಮಾಡಿಸುವುದು ಒಳ್ಳೆಯದು. ಹಾಗಂತ ಡಾಕ್ಟರು ಶುರು ಮಾಡಿದ ಔಷಧಿಯನ್ನು ಟೆಸ್ಟಿಗಾಗಿ ನೀವಾಗಿ ನಿಲ್ಲಿಸಬೇಡಿ, ಅವರನ್ನೇ ಕೇಳಿ. ಎಕ್ಸ್‌ರೇಗೆ ಬೇರಿಯಂ ಕುಡಿದಿದ್ದರೂ ಒಂದು ವಾರ ಹತ್ತು ದಿನ ತಡೆಯಬೇಕು. ಬೇರಿಯಂ ಪುಡಿ ಸ್ಲೈಡ್ ತುಂಬ ಹರಡಿ ಏನೂ ಕಾಣಿಸುವುದಿಲ್ಲ. ಗ್ಯಾಸ್ಟ್ರಿಕ್‌ಗೆ ಕುಡಿಯುವ ಬಿಳಿ ಸಿರಪ್, ಹರಳೆಣ್ಣೆ ಇವೂ ತೊಂದರೆ ಕೊಡುತ್ತವೆ. ಹೊಟ್ಟೆ ತೊಳೆಯಲಿ ಅಂತ ಹಿಂದಿನ ರಾತ್ರಿ ಹರಳೆಣ್ಣೆ ಕುಡಿದು ಬಂದವರನ್ನು ನಾನೇ ನೋಡಿದ್ದೇನೆ. ಸ್ಲೈಡ್ ಪೂರ್ತಿ ಎಣ್ಣೆ ಗುಳ್ಳೆ!

ಇನ್ನೊಂದು ನಂಬಿಕೆ: ‘ಜಂತುಹುಳದ ಮಾತ್ರೆ ಹಾಕಿಯಾಯ್ತಲ್ಲ’. ಶಾಲೆ, ಅಂಗನವಾಡಿಯಲ್ಲಿ ಕೊಡುವ 400 ಮಿ.ಗ್ರಾಂ. ಅಲ್ಬೆಂಡಜೋಲ್ ದುಂಡುಹುಳ, ಕೊಕ್ಕೆಹುಳಕ್ಕೆ. ಆ ಒಂದೇ ಮಾತ್ರೆಗೆ ಜಿಯಾರ್ಡಿಯಾ, ಅಮೀಬಾ ಜಗ್ಗುವುದಿಲ್ಲ. ಭೇದಿ ತರುವ ಇವೆರಡೂ ಕಣ್ಣಿಗೆ ಕಾಣುವ ಹುಳಗಳೇ ಅಲ್ಲ, ಒಂದೇ ಜೀವಕೋಶದ ಜೀವಿಗಳು.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ಹಿಂದಿನ ದಿನವೇ ಇಷ್ಟು ತಂದಿಟ್ಟುಕೊಳ್ಳಿ:

- ಲ್ಯಾಬಿನವರು ಕೊಡುವ ಅಗಲ ಬಾಯಿಯ, ತಿರುಪು ಮುಚ್ಚಳದ ಡಬ್ಬಿ. ಮುಚ್ಚಳಕ್ಕೆ ಅಂಟಿದ ಪುಟ್ಟ ಚಮಚ ಇರುವುದಾದರೆ ಇನ್ನೂ ಸಲೀಸು.
- ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಅಥವಾ ಬಿಸಾಡಬಹುದಾದ ಅಗಲ ತಟ್ಟೆ.
- ಗ್ಲೌಸ್, ಒಂದು ಐಸ್‌ಕ್ರೀಂ ಕಡ್ಡಿ, ಜಿಪ್ ಇರುವ ಕವರ್, ಪೆನ್ನು.

ಜಾಮ್ ಬಾಟಲಿ ತೊಳೆದು ತರಬೇಡಿ. ತೊಳೆದ ಸೋಪು, ಒಳಗುಳಿದ ನೀರು ಎರಡೂ ಪರಾವಲಂಬಿಯನ್ನು ಒಡೆಯುತ್ತವೆ. ಬೆಂಕಿಪೊಟ್ಟಣದಲ್ಲಿ ತರುವ ಕಾಲವೂ ಹೋಯಿತು. ರಟ್ಟು ತೇವವನ್ನೆಲ್ಲ ಹೀರಿ ಸ್ಯಾಂಪಲ್ ಒಣಗಿರುತ್ತದೆ.

ಕೆಲವು ಲ್ಯಾಬಿನವರು ಒಳಗೆ ದ್ರವ ಇರುವ ಡಬ್ಬಿ ಕೊಡುತ್ತಾರೆ. ಅದು ನೀರಲ್ಲ, ಫಾರ್ಮಲಿನ್ ಥರದ ಸಂರಕ್ಷಕ. ಚೆಲ್ಲಬೇಡಿ, ಮೂಸಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

## ಹಂತ 3: ಹಿಡಿಯುವ ಕ್ರಮ

ಕ್ರಮ ತಪ್ಪಿಸಬೇಡಿ.

1. ಮೊದಲು ಮೂತ್ರ ಮಾಡಿ ಮುಗಿಸಿ. ಮೂತ್ರ ತಾಗಿದರೆ ಓಡಾಡುವ ಅಮೀಬಾ, ಜಿಯಾರ್ಡಿಯಾ ಸಾಯುತ್ತವೆ. ಸತ್ತದ್ದು ಸ್ಲೈಡಿನಲ್ಲಿ ಯಾವುದೋ ಕಸದ ಹಾಗೆ ಕಾಣುತ್ತದೆ.
2. ಕಮೋಡ್ ಆದರೆ ಸೀಟ್ ಎತ್ತಿ, ಬಾಯಿಗೆ ಪ್ಲಾಸ್ಟಿಕ್ ಕವರ್ ಹರಡಿ, ನಡುವೆ ಸ್ವಲ್ಪ ಜೋತುಬಿಟ್ಟು, ಸೀಟ್ ಇಳಿಸಿ. ಇಂಡಿಯನ್ ಟಾಯ್ಲೆಟ್ ಆದರೆ ಒಣ ತಟ್ಟೆ ಇಟ್ಟುಕೊಳ್ಳಿ. ಕಮೋಡಿನ ನೀರಿನಿಂದ ಎತ್ತಿದ ಸ್ಯಾಂಪಲ್ ಕೆಲಸಕ್ಕೆ ಬಾರದು. ನೀರಿನಲ್ಲೇ ಬೇರೆ ಸೂಕ್ಷ್ಮಜೀವಿಗಳಿರುತ್ತವೆ, ಅವು ಸ್ಲೈಡಿನಲ್ಲಿ ಓಡಾಡಿ ದಾರಿ ತಪ್ಪಿಸುತ್ತವೆ.
3. ಗ್ಲೌಸ್ ಹಾಕಿಕೊಂಡು ಕಡ್ಡಿಯಿಂದ ಎತ್ತಿ. ರಕ್ತ, ಲೋಳೆ, ನೀರಾಗಿರುವ ಭಾಗ ಎಲ್ಲಿದೆಯೋ ಅಲ್ಲಿಂದಲೇ ತಗೊಳ್ಳಿ. ಅಮೀಬಾ ಸಿಗುವುದು ಅಲ್ಲೇ. ಅಸಹ್ಯ ಅಂತ ಚೆನ್ನಾಗಿರುವ ಭಾಗ ಆರಿಸಿ ತರುತ್ತಾರೆ ಜನ. ಮಾಡಬೇಕಾದ್ದು ಅದರ ಉಲ್ಟಾ.
4. ಗಟ್ಟಿಯಿದ್ದರೆ ಒಂದು ಅಡಿಕೆ ಗಾತ್ರ, ನೀರಾಗಿದ್ದರೆ ಎರಡು ಟೀ ಚಮಚ ಸಾಕು. ಡಬ್ಬಿ ತುಂಬಿಸಬೇಡಿ. ಬಿಸಿಲಲ್ಲಿ ಗ್ಯಾಸ್ ತುಂಬಿ ಮುಚ್ಚಳ ಹಾರಿದ್ದುಂಟು.
5. ಮುಚ್ಚಳ ತಿರುಗಿಸಿ ಬಿಗಿ ಮಾಡಿ. ಡಬ್ಬಿಯ ಮೈಮೇಲೆ ಹೆಸರು, ತಾರೀಕು, ಗಂಟೆ ಬರೆಯಿರಿ. ಗಂಟೆ ಬರೆಯುವವರು ಬಹಳ ಕಡಿಮೆ. ನನಗೆ ಹೆಸರಿಗಿಂತ ಜಾಸ್ತಿ ಬೇಕಾದ್ದು ಅದೇ.

ಚಿಕ್ಕ ಮಕ್ಕಳ ಡೈಪರಿನಿಂದ ಕೆರೆದು ತರಬೇಡಿ. ನೀರಿನಂಶವನ್ನೆಲ್ಲ ಡೈಪರ್ ಹೀರಿಕೊಂಡು ಉಳಿದದ್ದು ಬರೀ ಚರಟ. ಡೈಪರ್ ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಅಥವಾ ಆ ಅರ್ಧ ದಿನ ಡೈಪರ್ ಬಿಟ್ಟುಬಿಡಿ.

## ಹಂತ 4: ಇನ್ನು ಗಡಿಯಾರ ನೋಡಿ

ಇದೊಂದು ಹಂತ ಸರಿಯಾಗಿ ಮಾಡಿದರೂ ಸಾಕು, ಅರ್ಧ ಕೆಲಸ ಆದಂತೆ.

ಈ ಜೀವಿಗಳಿಗೆ ಎರಡು ರೂಪ ಇವೆ. ಕರುಳಿನೊಳಗೆ ಓಡಾಡಿಕೊಂಡು ತಿನ್ನುವ ರೂಪ ಟ್ರೋಫೊಜೊಯಿಟ್. ಗಟ್ಟಿ ಚಿಪ್ಪು ಹೊದ್ದು ಹೊರಗೆ ಬದುಕಲು ಸಿದ್ಧವಾದ ರೂಪ ಸಿಸ್ಟ್. ಗಟ್ಟಿ ಮಲದಲ್ಲಿ ಸಿಸ್ಟ್ ಜಾಸ್ತಿ, ಅವು ಕಾಯುತ್ತವೆ. ನೀರು ಭೇದಿಯಲ್ಲಿ ಚಿಪ್ಪು ಹೊದೆಯುವಷ್ಟು ಸಮಯ ಸಿಕ್ಕಿರುವುದಿಲ್ಲ, ಟ್ರೋಫೊಜೊಯಿಟ್‌ಗಳೇ ಹೊರಬರುತ್ತವೆ. ದೇಹದ ಬಿಸಿ ಆರಿದ ಕೂಡಲೇ ಅವು ಮುದುಡಿ ಒಡೆಯಲು ಶುರುವಾಗುತ್ತವೆ. ಹಾಗಾಗಿ ಲೆಕ್ಕ ಹೀಗೆ:

- ನೀರಾಗಿದ್ದರೆ: ಅರ್ಧ ಗಂಟೆಯೊಳಗೆ ಸ್ಲೈಡ್ ಆಗಬೇಕು.
- ಮೆತ್ತಗಿದ್ದರೆ: ಒಂದು ಗಂಟೆಯೊಳಗೆ.
- ಗಟ್ಟಿಯಿದ್ದರೆ: ಫ್ರಿಜ್ಜಿನಲ್ಲಿಟ್ಟು ಅದೇ ದಿನ, ಹೆಚ್ಚೆಂದರೆ 24 ಗಂಟೆಯೊಳಗೆ. ಫ್ರೀಜರಿಗೆ ಯಾವತ್ತೂ ಬೇಡ.

ಒಬ್ಬರು ತಮ್ಮ ನಾಲ್ಕು ವರ್ಷದ ಮಗಳ ಸ್ಯಾಂಪಲ್ ಮೂರು ಸಲ ತಂದಿದ್ದರು. ಮೂರು ಸಲವೂ ನಿಲ್. ಮಗು ದಿನೇ ದಿನೇ ಸಣ್ಣಗಾಗುತ್ತಿತ್ತು. ನಾಲ್ಕನೇ ಸಲ ನಾನು ‘ಎಷ್ಟು ಹೊತ್ತಿಗೆ ಹಿಡಿದಿರಿ ಸಾರ್?’ ಅಂತ ಕೇಳಿದೆ. ‘ರಾತ್ರಿ ಹತ್ತಕ್ಕೆ. ಫ್ರಿಜ್ಜಲ್ಲಿಟ್ಟು ಬೆಳಿಗ್ಗೆ ಆಫೀಸಿಗೆ ಹೋಗ್ತಾ ತಂದೆ’ ಅಂದರು. ನೀರು ಭೇದಿ, ಹನ್ನೆರಡು ಗಂಟೆ ಹಳೆಯದು! ಆ ಪ್ರಶ್ನೆಯನ್ನು ನಾನು ಮೊದಲ ಸಲವೇ ಕೇಳಬೇಕಿತ್ತು. ‘ಡಬ್ಬಿ ಬೇಡ, ಪಾಪುನೇ ಕರ್ಕೊಂಡು ಬನ್ನಿ’ ಅಂದೆ. ಮಾರನೇ ದಿನ ಮಗು ಲ್ಯಾಬಿನ ಟಾಯ್ಲೆಟ್ಟಿನಲ್ಲೇ ಕೂತಿತು. ಹತ್ತು ನಿಮಿಷದಲ್ಲಿ ಸ್ಲೈಡ್ ಲೆನ್ಸಿನ ಕೆಳಗಿತ್ತು. ನೀರ ಹನಿಯ ಆಕಾರ, ಮುಂಭಾಗದಲ್ಲಿ ಎರಡು ಕಣ್ಣಿನ ಹಾಗೆ ಎರಡು ನ್ಯೂಕ್ಲಿಯಸ್ (ಜೀವಕೋಶದ ಕೇಂದ್ರ). ಗಾಳಿಗೆ ಉದುರಿದ ಎಲೆ ಹೊರಳಾಡುತ್ತಾ ಬೀಳುವ ಹಾಗೆ ಓಡಾಡುತ್ತಿತ್ತು. ಜಿಯಾರ್ಡಿಯಾ. ಒಂದಲ್ಲ, ನೋಡಿದ ಕಡೆಯೆಲ್ಲ.

ಅಂದಮೇಲೆ ನೀರು ಭೇದಿ ಇರುವವರು ಖಾಲಿ ಡಬ್ಬಿ ಹಿಡಿದು ಲ್ಯಾಬಿಗೇ ಹೋಗಿ, ಅಲ್ಲೇ ಕೊಡಿ. ಆಗದಿದ್ದರೆ ಸಂರಕ್ಷಕ ಇರುವ ಡಬ್ಬಿ ಕೇಳಿ ತಗೊಳ್ಳಿ. ಅದರಲ್ಲಿ ಹಾಕಿದ ಕೂಡಲೇ ಚೆನ್ನಾಗಿ ಕಲಕಬೇಕು. ಓಡಾಟ ಕಾಣದಿದ್ದರೂ ಆಕಾರ ಉಳಿಯುತ್ತದೆ.

ಇನ್ನೊಂದು: ಮನೆಗೇ ಬಂದು ಸ್ಯಾಂಪಲ್ ಒಯ್ಯುವ ಹುಡುಗ ಬೆಳಿಗ್ಗೆ ಏಳಕ್ಕೆ ಡಬ್ಬಿ ತಗೊಂಡರೆ, ಇಪ್ಪತ್ತು ಮನೆ ಸುತ್ತಿ ಲ್ಯಾಬ್ ಮುಟ್ಟುವಾಗ ಹನ್ನೊಂದು. ರಕ್ತದ ಟೆಸ್ಟಿಗೆ ಅದು ನಡೆದೀತು. ನೀರು ಭೇದಿಗೆ ನಡೆಯುವುದಿಲ್ಲ.

## ಹಂತ 5: ಕೌಂಟರಿನಲ್ಲಿ ಬಾಯಿ ಬಿಟ್ಟು ಹೇಳಿ

ಚೀಟಿಯಲ್ಲಿ ಸುಮ್ನೆ ‘ಸ್ಟೂಲ್ ರೊಟೀನ್’ ಅಂತಿದ್ದರೆ ಎರಡು ಸ್ಲೈಡ್ ನೋಡುತ್ತಾರೆ. ಒಂದು ಸಲೈನಿನಲ್ಲಿ, ಓಡಾಟ ಕಾಣಲು. ಇನ್ನೊಂದು ಅಯೋಡಿನ್ ಹಾಕಿ, ಸಿಸ್ಟಿನ ಒಳಗಿನ ನ್ಯೂಕ್ಲಿಯಸ್ ಎಣಿಸಲು. ಇದರಲ್ಲಿ ಜಿಯಾರ್ಡಿಯಾ, ಅಮೀಬಾ, ಹುಳದ ಮೊಟ್ಟೆ ಸಿಗುತ್ತವೆ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಇನ್ನೊಂದು ಪರಾವಲಂಬಿ ಸಿಗುವುದು ಕಷ್ಟ. ಅದು 4ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು), ಅಂದರೆ ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಈಸ್ಟ್ ಕಣದ ಹಾಗೆ ಕಂಡು ಕಣ್ತಪ್ಪಿಸುತ್ತದೆ. ಅದಕ್ಕೆ ‘ಮಾಡಿಫೈಡ್ ಆಸಿಡ್ ಫಾಸ್ಟ್’ ಅನ್ನುವ ಬೇರೆ ಬಣ್ಣ ಹಾಕಬೇಕು. ಕೇಳದೆ ಹಾಕುವುದಿಲ್ಲ.

ಹಾಗಾಗಿ ಡಾಕ್ಟರಿಗೂ ಲ್ಯಾಬಿಗೂ ಇವನ್ನು ಹೇಳಿ: ಎಷ್ಟು ದಿನದಿಂದ ಭೇದಿ, ರಕ್ತ ಇದೆಯಾ, ಯಾವ ಮಾತ್ರೆ ತಗೊಂಡಿದ್ದೀರಿ, ಬೇರೆ ಊರಿಗೆ ಹೋಗಿದ್ದಿರಾ, ಎಚ್‌ಐವಿ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಇದೆಯಾ, ಮನೆಯಲ್ಲಿ ಭೇದಿಯಾಗುತ್ತಿರುವ ಎಳೆಗರು ಇದೆಯಾ. ಕೊನೆಯದನ್ನು ಯಾರೂ ಹೇಳುವುದಿಲ್ಲ. ಎಳೆಗರುಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಮಾಮೂಲು, ಕೊಟ್ಟಿಗೆ ಬಾಚುವ ಕೈಯಿಂದ ಮನೆಯೊಳಗೆ ಬರುತ್ತದೆ.

ನಿಮ್ಮ ಊರಿನ ಲ್ಯಾಬಿನಲ್ಲಿ ಜಿಯಾರ್ಡಿಯಾ ಆಂಟಿಜೆನ್ ಟೆಸ್ಟ್ ಇದ್ದರೆ ಅದನ್ನೂ ಡಾಕ್ಟರ ಹತ್ತಿರ ಕೇಳಿ. ಜೀವಿ ಒಡೆದುಹೋಗಿದ್ದರೂ ಅದರ ಪ್ರೋಟೀನನ್ನು ಇದು ಹಿಡಿಯುತ್ತದೆ.

## ಹಂತ 6: ಮೂರು ಸಲ, ದಿನ ಬಿಟ್ಟು ದಿನ

ಜಿಯಾರ್ಡಿಯಾ ದಿನಾ ಹೊರಬರುವುದಿಲ್ಲ. ಇವತ್ತು ಲಕ್ಷಗಟ್ಟಲೆ, ನಾಳೆ ಸೊನ್ನೆ. ಹಾಗಾಗಿ ಒಂದು ನಿಲ್ ನಂಬಿ ಕೂರಬೇಡಿ. ದಿನ ಬಿಟ್ಟು ದಿನ ಮೂರು ಸ್ಯಾಂಪಲ್, ಹತ್ತು ದಿನದೊಳಗೆ ಮುಗಿಸಿ. ಒಂದೇ ದಿನದ ಮೂರು ಭೇದಿಯನ್ನು ಮೂರು ಡಬ್ಬಿಗೆ ಹಾಕಿದರೆ ಅದು ಒಂದೇ ಸ್ಯಾಂಪಲ್ ಲೆಕ್ಕ. ಮೊದಲನೆಯದರಲ್ಲೇ ಸಿಕ್ಕಿತು ಅಂದರೆ ಉಳಿದ ಎರಡರ ದುಡ್ಡು ಉಳಿಸಿಕೊಳ್ಳಿ.

## ಹಂತ 7: ರಿಪೋರ್ಟ್ ಓದುವುದು

‘ಜಿಯಾರ್ಡಿಯಾ ಸಿಸ್ಟ್’ ಅಥವಾ ‘ಟ್ರೋಫೊಜೊಯಿಟ್ ಸೀನ್’ (ಕಂಡಿದೆ). ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆ ವಾಸನೆಯ ತೇಗು, ನೀರಿನ ಮೇಲೆ ತೇಲುವ ಜಿಡ್ಡು ಮಲ ಇವೆಲ್ಲ ಜೊತೆಗಿದ್ದರೆ ಕತೆ ಹೊಂದಿತು. ಇದರಲ್ಲಿ ಸಾಮಾನ್ಯವಾಗಿ ರಕ್ತ ಇರುವುದಿಲ್ಲ.

‘ಎಂಟಮೀಬಾ ಹಿಸ್ಟೊಲಿಟಿಕಾ ಸಿಸ್ಟ್’. ಇಲ್ಲಿ ಸ್ವಲ್ಪ ನಿಧಾನ. ಎಂಟಮೀಬಾ ಡಿಸ್ಪಾರ್ ಅಂತ ಒಂದು ಸಾಧು ಅಮೀಬಾ ಇದೆ. ಅದರ ಸಿಸ್ಟೂ ಇದರ ಸಿಸ್ಟೂ ಅವಳಿ ಮಕ್ಕಳ ಹಾಗೆ, ಮೈಕ್ರೋಸ್ಕೋಪಿನಲ್ಲಿ ಬೇರೆ ಮಾಡಲು ಬರುವುದಿಲ್ಲ. ಒಳಗೆ ಕೆಂಪು ರಕ್ತಕಣ ನುಂಗಿಕೊಂಡಿರುವ ಟ್ರೋಫೊಜೊಯಿಟ್ ಕಂಡರೆ ಮಾತ್ರ ಹಿಸ್ಟೊಲಿಟಿಕಾ ಅಂತ ಧೈರ್ಯವಾಗಿ ಹೇಳಬಹುದು. ಇಲ್ಲದಿದ್ದರೆ ಆಂಟಿಜೆನ್ ಟೆಸ್ಟ್ ಅಥವಾ ಜೀವಿಯ ಡಿಎನ್‌ಎ ಹುಡುಕುವ ಪಿಸಿಆರ್ ಟೆಸ್ಟ್ ಬೇಕು.

‘ಇ. ಕೋಲೈ ಸಿಸ್ಟ್’. ಇದನ್ನು ಓದಿ ಗಾಬರಿಯಾಗಿ ಫೋನ್ ಮಾಡುವವರು ವಾರಕ್ಕೊಬ್ಬರಾದರೂ ಇದ್ದಾರೆ. ಇದು ಎಂಟಮೀಬಾ ಕೋಲೈ, ಅಮೀಬಾ. ಪೇಪರಿನಲ್ಲಿ ಬರುವ ಇ. ಕೋಲೈ ಬ್ಯಾಕ್ಟೀರಿಯಾ ಅಲ್ಲ, ಆ ಬ್ಯಾಕ್ಟೀರಿಯಾಗೆ ಸಿಸ್ಟೇ ಇಲ್ಲ. ಇದು ತೊಂದರೆ ಕೊಡುವುದಿಲ್ಲ, ಔಷಧಿಯೂ ಬೇಡ. ಆದರೆ ಎಲ್ಲಿಂದಲೋ ಮಲ ಬೆರೆತ ನೀರೋ ಊಟವೋ ಹೊಟ್ಟೆಗೆ ಹೋಗಿದೆ ಅಂತ ಅದು ಚಾಡಿ ಹೇಳುತ್ತಿದೆ.

‘ಪಸ್ ಸೆಲ್ಸ್ ಪ್ಲೆಂಟಿ’ (ಕೀವಿನ ಕಣ ಬಹಳ), ಪರಾವಲಂಬಿ ನಿಲ್. ಬ್ಯಾಕ್ಟೀರಿಯಾದ ಆಮಶಂಕೆ ಇರಬಹುದು. ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್) ಬೇಕಾ ಅಂತ ಡಾಕ್ಟರನ್ನು ಕೇಳಿ. ನೆನಪಿಡಿ, ಫಾರ್ಮಲಿನ್ ಡಬ್ಬಿಯ ಸ್ಯಾಂಪಲ್ ಕಲ್ಚರಿಗೆ ಬರುವುದಿಲ್ಲ.

## ಹಂತ 8: ಔಷಧಿ, ಎಣಿಸಿದಷ್ಟೂ

ಯಾವ ಮಾತ್ರೆ, ಎಷ್ಟು ಅಂತ ಡಾಕ್ಟರು ಹೇಳಲಿ. ನಾನು ಹೇಳುವುದು ಎಲ್ಲಿ ತಪ್ಪುತ್ತದೆ ಅಂತ ಮಾತ್ರ.

ಮೆಟ್ರೊನಿಡಜೋಲ್ ತಗೊಂಡರೆ ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದ ರುಚಿ, ಓಕರಿಕೆ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು. ಹೆದರಿ ಮೂರನೇ ದಿನ ಬಿಟ್ಟುಬಿಡುತ್ತಾರೆ. ಊಟದ ಜೊತೆ ತಗೊಂಡರೆ ಓಕರಿಕೆ ಕಡಿಮೆ. ಭೇದಿ ನಿಂತ ದಿನ ಔಷಧಿ ನಿಲ್ಲಿಸುವುದಲ್ಲ, ಚೀಟಿಯಲ್ಲಿರುವಷ್ಟು ದಿನ ಮುಗಿಸಬೇಕು. ಆ ದಿನಗಳಲ್ಲೂ, ಮುಗಿದ ಮೇಲೆ ಮೂರು ದಿನವೂ ಮದ್ಯ ಮುಟ್ಟಬೇಡಿ. ಕೈ ಕಾಲು ಜುಮ್ಮೆನ್ನಲು ಶುರುವಾದರೆ ಡಾಕ್ಟರಿಗೆ ತಿಳಿಸಿ.

ಅಮೀಬಾಗೆ ಎರಡು ಸುತ್ತು ಬೇಕು. ಮೆಟ್ರೊನಿಡಜೋಲ್ ಕರುಳ ಗೋಡೆಯೊಳಗೆ ಹೊಕ್ಕಿರುವುದನ್ನು ಕೊಲ್ಲುತ್ತದೆ. ಕರುಳಿನ ಕೊಳವೆಯಲ್ಲೇ ಉಳಿದ ಸಿಸ್ಟುಗಳಿಗೆ ಡೈಲೊಕ್ಸನೈಡ್ ಅಥವಾ ಪರೊಮೊಮೈಸಿನ್ ಥರದ ಎರಡನೇ ಔಷಧಿ ಇದೆ. ‘ಎರಡನೇದು ಬೇಕಾ ಡಾಕ್ಟ್ರೇ?’ ಅಂತ ನೀವೇ ಕೇಳಿ.

ರಕ್ತ ಅಥವಾ ಜ್ವರ ಇರುವಾಗ ಲೊಪೆರಮೈಡ್ ಹಾಕಿ ಭೇದಿ ಕಟ್ಟಬೇಡಿ. ಮಕ್ಕಳಿಗಂತೂ ಬೇಡವೇ ಬೇಡ. ಅವರಿಗೆ ಒಆರ್‌ಎಸ್ ಜೊತೆ 14 ದಿನ ಜಿಂಕ್ ಕೊಡುತ್ತಾರೆ. ಅದನ್ನೂ ನಾಲ್ಕೇ ದಿನಕ್ಕೆ ಮರೆಯುತ್ತಾರೆ.

## ಹಂತ 9: ಮತ್ತೆ ಒಳಗೆ ಬರದಂತೆ

ಜಿಯಾರ್ಡಿಯಾದ 10 ಸಿಸ್ಟ್ ಒಳಗೆ ಹೋದರೂ ಕಾಯಿಲೆ ಬರಬಹುದು. ಅಷ್ಟು ಉಗುರಿನ ಸಂದಿಯಲ್ಲಿ ಕೂರುತ್ತದೆ.

ನೀರು ಕುದಿಸಿ. ತಳದಲ್ಲಿ ಗುಳ್ಳೆ ಎದ್ದರೆ ಕುದಿದಂತಲ್ಲ, ಕೊತಕೊತ ಅಂತ ಒಂದು ನಿಮಿಷ ಕುದಿಯಬೇಕು. ಎತ್ತರದ ಬೆಟ್ಟದ ಊರಲ್ಲಿ, 2000 ಮೀಟರ್ ಮೇಲೆ, ಮೂರು ನಿಮಿಷ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್, ಹಾಗಾಗಿ ಕರ್ನಾಟಕದಲ್ಲಿ ಎಲ್ಲಿದ್ದರೂ ಒಂದು ನಿಮಿಷ ಸಾಕು. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗೆ ಒಳ್ಳೆಯದು, ಕ್ರಿಪ್ಟೊಸ್ಪೊರಿಡಿಯಂ ಅದಕ್ಕೆ ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುದ್ಧೀಕರಿಸಿದ ನಲ್ಲಿ ನೀರು ಕುಡಿದೇ ಸುಮಾರು ನಾಲ್ಕು ಲಕ್ಷ ಜನ ಭೇದಿ ಹಿಡಿದು ಮಲಗಿದ್ದರು. ಫಿಲ್ಟರ್ ಕೊಳ್ಳುವುದಾದರೆ ರಂಧ್ರ 1 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದಾ ಅಂತ ಕೇಳಿ. ಬಟ್ಟೆಯಲ್ಲಿ ಸೋಸುವುದು ಮಣ್ಣಿಗೆ ಮಾತ್ರ.

ಕುದಿಸಿದ ನೀರಿಗೆ ಕೈ ಸಮೇತ ಲೋಟ ಅದ್ದಿದರೆ ಕುದಿಸಿದ್ದು ದಂಡ. ಉದ್ದ ಹಿಡಿಯ ಸೌಟು ಇಡಿ, ಅಥವಾ ನಲ್ಲಿ ಇರುವ ಪಾತ್ರೆ.

ಸ್ಯಾನಿಟೈಸರ್ ಈ ಸಿಸ್ಟುಗಳಿಗೆ ಸಾಲದು. ಸೋಪು, ಹರಿಯುವ ನೀರು, ಇಪ್ಪತ್ತು ಸೆಕೆಂಡ್. ಟಾಯ್ಲೆಟ್ಟಿನಿಂದ ಬಂದಾಗ, ಮಗುವನ್ನು ತೊಳೆದಾಗ, ಕೊಟ್ಟಿಗೆಯಿಂದ ಬಂದಾಗ, ಹಿಟ್ಟು ಕಲಸುವ ಮುಂಚೆ. ಮನೆಯಲ್ಲಿ ಇನ್ನೊಬ್ಬರಿಗೂ ಭೇದಿ ಇದ್ದರೆ ಅವರದ್ದೂ ಟೆಸ್ಟ್ ಮಾಡಿಸಿ, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಭೇದಿ ನಿಂತ ಮೇಲೂ ಎರಡು ವಾರ ಈಜುಕೊಳಕ್ಕೆ ಇಳಿಯಬೇಡಿ.

## ಔಷಧಿ ಮುಗಿದರೂ ಹೊಟ್ಟೆ ಸರಿಹೋಗದಿದ್ದರೆ

ತಕ್ಷಣ ‘ಮಾತ್ರೆ ಕೆಲಸ ಮಾಡಲಿಲ್ಲ’ ಅಂದುಕೊಳ್ಳಬೇಡಿ. ಜಿಯಾರ್ಡಿಯಾ ಕರುಳಿನ ಒಳಪದರವನ್ನು ಸವೆಸಿರುತ್ತದೆ. ಹಾಲು ಜೀರ್ಣಿಸುವ ಶಕ್ತಿ ಕೆಲವು ವಾರ ಕೈಕೊಡುತ್ತದೆ. ಕಾಫಿ ಕುಡಿದ ಅರ್ಧ ಗಂಟೆಗೆ ಹೊಟ್ಟೆ ಉಬ್ಬಿ ಓಡುವಂತಾದರೆ ಅದೇ ಕಾರಣ ಇರಬಹುದು. ದೊಡ್ಡವರು ಎರಡು ವಾರ ಹಾಲು ಬಿಟ್ಟು ಮಜ್ಜಿಗೆಗೆ ಬದಲಾಗಿ ನೋಡಿ. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲು ನಿಲ್ಲಿಸಬೇಡಿ.

ಅಷ್ಟಾದರೂ ಭೇದಿ ಇದ್ದರೆ, ಅಥವಾ ತೂಕ ಇಳಿಯುತ್ತಲೇ ಇದ್ದರೆ, ಡಾಕ್ಟರಿಗೆ ತೋರಿಸಿ ಟೆಸ್ಟ್ ಮರಳಿ ಮಾಡಿಸಿ. ಮೊದಲ ಸಲದ ಹಾಗೆಯೇ: ಮೊದಲು ಮೂತ್ರ, ಆಮೇಲೆ ಒಣ ತಟ್ಟೆ, ಡಬ್ಬಿಯ ಮೇಲೆ ಗಂಟೆ. ಹಳೆಯ ರಿಪೋರ್ಟುಗಳನ್ನೂ ಜೊತೆಗೆ ತನ್ನಿ.